ಕೋಡಿ ಬಿದ್ದ ಕೌದಿ

ಟ್ರಂಕಿನ ಮುಚ್ಚಳ ಎತ್ತಿದೊಡನೆ ಕಾಶವ್ವನ ಮೂಗಿಗೆ ಅಣಬೆಯ ವಾಸನೆ ಹೊಡೆಯಿತು. ಮೇಲಿದ್ದ ರುಮಾಲನ್ನು ಹಿಡಿದು ಎತ್ತಿದಳು. ಅರ್ಧ ಕೈಗೆ ಬಂತು, ಅರ್ಧ ಟ್ರಂಕಿನಲ್ಲೇ ಉಳಿಯಿತು. ಅದರ ಕೆಳಗಿನ ಧೋತರ ಹಪ್ಪಳದ ಹಾಗೆ ಮುರಿಯಿತು.

ಬ್ಯಾಂಕಿನವರು ಮಗ ಪರಮೇಶ್ವರನನ್ನು ಎರ್ನಾಕುಳಕ್ಕೆ ವರ್ಗ ಮಾಡಿದಾಗ ಕಾಶವ್ವ ಹುಬ್ಬಳ್ಳಿಯ ಪಾತ್ರೆ ಪಡಗಗಳನ್ನು ಓಣಿಯವರಿಗೆ ಹಂಚಿ ಬಂದಿದ್ದಳು. ಹಳೇ ಬಟ್ಟೆಯ ಗಂಟನ್ನು ಮಾತ್ರ ಬಿಟ್ಟಿರಲಿಲ್ಲ. ಗಂಡನ ರುಮಾಲು, ಅತ್ತೆಯ ಕುಪ್ಪಸ, ಮಕ್ಕಳ ಅಂಗಿ, ಎಲ್ಲಾ ಅದರಲ್ಲಿತ್ತು. ಮನೆಯಲ್ಲಿ ಕೂಸು ಹುಟ್ಟಿದರೆ ಕೌದಿ ಹೊಲಿಯಬೇಕು. ಉಟ್ಟು ಒಗೆದು ಮೆತ್ತಗಾದ ಬಟ್ಟೆಯನ್ನು ಚೂರು ಮಾಡಿ, ಚೂರಿಗೆ ಚೂರು ಕೂಡಿಸಿ, ಪದರದ ಮೇಲೆ ಪದರ ಹಾಕಿ ಹೊಲಿದ ಕೌದಿಯ ಮೇಲೆಯೇ ಕೂಸನ್ನು ಮೊದಲ ಸಲ ತೊಟ್ಟಿಲಿಗೆ ಹಾಕಬೇಕು. ಹೊಸ ಬಟ್ಟೆ ಕೂಸಿನ ಮೈಗೆ ಚುಚ್ಚುತ್ತದೆ. ಅದೂ ಅಲ್ಲದೆ ಹೊಸ ಬಟ್ಟೆಗೆ ಯಾರ ಪರಿಚಯವೂ ಇರುವುದಿಲ್ಲ.

ಕೌದಿ ಕೊಡುವುದು ತವರಿನವರ ಕೆಲಸ. ಸೊಸೆ ರತ್ನಳಿಗೆ ತಾಯಿ ಇಲ್ಲ, ಹಾಗಾಗಿ ಅದು ಕಾಶವ್ವನ ಪಾಲಿಗೆ ಬಂತು. ಅಕ್ಕ ವಿಜಯಾ ತಿರುವನಂತಪುರದ ಉಳ್ಳೂರಿನಲ್ಲಿದ್ದಾಳೆ, ದೊಡ್ಡ ಆಸ್ಪತ್ರೆಗೆ ನಡೆದು ಹೋಗುವಷ್ಟು ಹತ್ತಿರ. ಹೆರಿಗೆ ಅಲ್ಲೇ ಎಂದಾಯಿತು. ಹೊರಡುವ ದಿನ ರತ್ನ ಒಂದು ಹಳೇ ಇಳಕಲ್ ಸೀರೆಯನ್ನು ಅತ್ತೆಯ ಕೈಯಲ್ಲಿಟ್ಟಿದ್ದಳು.

"ನಮ್ಮವ್ವಂದು. ಕೌದಿಗೆ ಹಾಕ್ರಿ ಅತ್ತಿ."

"ನಟ್ಟ ನಡುವ ಹಾಕ್ತೀನಿ, ಸುಮ್ನ ಹೋಗು. ತೊಟ್ಲಕ್ಕ ಹಾಕೂ ದಿನ ಕೌದಿ ಹೊತಗೊಂಡು ಬರದಿದ್ರ ನನ್ನ ಕಾಶವ್ವ ಅನಬ್ಯಾಡ."

ಆ ಸೀರೆ ಈಗ ಟ್ರಂಕಿನ ತಳದಲ್ಲಿ ಹಸಿರು ಬೂಸಲು ಹೊದ್ದು ಮಲಗಿತ್ತು. ಕಾಶವ್ವ ಅದನ್ನು ಬಿಸಿಲು ಕಾಣದ ಅಂಗಳಕ್ಕೆ ತಂದು ಒಂದೊಂದೇ ಮಡಿಕೆ ಬಿಡಿಸಿದಳು. ಹತ್ತಿಯೆಲ್ಲ ಹೋಗಿತ್ತು. ಸೆರಗಿನ ಕೆಂಪು ರೇಷ್ಮೆ ಒಂದು ಗೇಣಿನಷ್ಟು ಉಳಿದಿತ್ತು.

ಪಕ್ಕದ ಮನೆಯ ರಾಜೀವಿ ಮೊದಲೇ ಹೇಳಿದ್ದಳು. ಅವಳು ಕಾಸರಗೋಡಿನವಳು. ಗಂಡ ಹೈಕೋರ್ಟಿನಲ್ಲಿ ಗುಮಾಸ್ತ. ಓಣಿಯಲ್ಲಿ ಕನ್ನಡ ಬರುವ ಇನ್ನೊಂದು ಬಾಯಿ ಅವಳದೊಂದೇ. "ಟ್ರಂಕನ್ನು ಇಟ್ಟಿಗೆ ಮೇಲೆ ಇಡಿ ಅಮ್ಮಾ. ಇಲ್ಲಿಯ ಮಳೆ ಮೇಲಿಂದ ಮಾತ್ರ ಬರುವುದಲ್ಲ, ಕೆಳಗಿಂದಲೂ ಬರ್ತದೆ" ಎಂದಿದ್ದಳು. "ಇದು ಹುಬ್ಬಳ್ಳಿ ಟ್ರಂಕ್ ಐತಿ" ಎಂದಿದ್ದಳು ಕಾಶವ್ವ, ಹುಬ್ಬಳ್ಳಿಯ ತಗಡಿಗೆ ಕೇರಳದ ನೀರು ಹೆದರುತ್ತದೆ ಎಂಬಂತೆ.

ಆ ರಾಜೀವಿಯೂ ಈಗ ಊರಿನಲ್ಲಿರಲಿಲ್ಲ. ತಂಗಿಯ ಮದುವೆ ಎಂದು ಕಾಸರಗೋಡಿಗೆ ಹೋದವಳು ಓಣಂ ಹತ್ತಿರ ಬಂದರೂ ತಿರುಗಿ ಬಂದಿರಲಿಲ್ಲ.

ಪರಮೇಶ್ವರ ಬ್ಯಾಂಕಿನಿಂದ ಬಂದು ನೋಡಿ, "ಹೋಗ್ಲಿ ಬಿಡವಾ, ಒಂದು ಛಲೋ ಕಂಬಳಿ ತಂದ್ರಾತು" ಎಂದ.

"ನಿನ್ನ ಯಾವುದರ ಮ್ಯಾಲೆ ಹಾಕಿದ್ದೆ ಗೊತ್ತೈತೇನು? ನಿಮ್ಮಪ್ಪನ ಅಜ್ಜಿ ಸೀರಿ ಮ್ಯಾಲೆ. ಆಕಿ ಜಗಳಗಂಟಿ. ಅದಕ್ಕ ನೀ ಹಿಂಗ ಮಾತಾಡ್ತಿ."

ಮಗ ಚಹಾದ ಬಟ್ಟಲು ಎತ್ತಿಕೊಂಡು ಒಳಗೆ ಹೋದ.

ಹಳೇ ಬಟ್ಟೆ ಬೇಕು, ಮನೆಯಲ್ಲಿಲ್ಲ. ಹುಬ್ಬಳ್ಳಿಯಾಗಿದ್ದರೆ ಕಾಶವ್ವ ಉಡಿ ಒಡ್ಡಿ ನಾಲ್ಕು ಮನೆ ಸುತ್ತಿ ಬರುತ್ತಿದ್ದಳು. ಕೌದಿಗೆ ಬಟ್ಟೆ ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ, ಯಾರಿಗೂ ಅದು ಬೇಡುವುದು ಅನಿಸುವುದಿಲ್ಲ. ಇಲ್ಲಿ ಮಾತು ಬರುವುದಿಲ್ಲ. ಮೇಲಾಗಿ ಇಲ್ಲಿಯ ಜನ ಬಣ್ಣವನ್ನೇ ಉಡುವುದಿಲ್ಲ. ಹೆಂಗಸರೂ ಬಿಳಿ, ಗಂಡಸರೂ ಬಿಳಿ. ತಂತಿಯ ಮೇಲೆ ಒಣಹಾಕಿದ ಬಟ್ಟೆ ನೋಡಿದರೆ ಕೊಕ್ಕರೆಗಳು ಸಾಲಾಗಿ ಕುಳಿತ ಹಾಗೆ ಕಾಣುತ್ತಿತ್ತು. ಇರಲಿ, ಬಿಳಿಯಾದರೂ ಹಳೆಯದಾದರೆ ಸಾಕು.

ಎದುರು ಮನೆಯ ಸರೋಜ ಸ್ಕೂಲ್ ಮಾಸ್ತರರ ಹೆಂಡತಿ, ನಗುಮುಖದವಳು. ಕಾಶವ್ವ ಅವಳ ಅಂಗಳದಲ್ಲಿ ನಿಂತು ಎರಡೂ ತೋಳುಗಳನ್ನು ತೊಟ್ಟಿಲು ಮಾಡಿ ತೂಗಿದಳು. ತಿರುವನಂತಪುರದ ದಿಕ್ಕಿಗೆ ಕೈ ತೋರಿಸಿದಳು. ತನ್ನ ಸೆರಗು ಹಿಡಿದು ಅಲ್ಲಾಡಿಸಿ, "ಕೌದಿ, ಕೌದಿ" ಎಂದಳು.

ಸರೋಜಳ ಮುಖ ಅರಳಿತು. "ಕೋಡಿಯೋ? ಕುಞ್ಞಿನು ಕೋಡಿ?"

"ಹೌದವಾ, ಹೌದು. ಕೂಸಿಗೆ ಕೌದಿ."

ಕಾಶವ್ವನಿಗೆ ಹಿಡಿಸಲಾರದಷ್ಟು ಹಿಗ್ಗು. ಮನೆಗೆ ಬಂದು ಮಗನಿಗೆ ಹೇಳಿದಳು: "ಕೌದಿಗೆ ಇವರೂ ಕೌದಿ ಅಂತನ ಅಂತಾರೋ. ಸ್ವಲ್ಪ ಬಾಯಿ ಸೊಟ್ಟ ಮಾಡ್ತಾರ, ಅಷ್ಟ."

ಮರುದಿನ ಬೆಳಿಗ್ಗೆ ಸರೋಜ ಬಂದಳು. ಕೈಯಲ್ಲಿ ಕಾಗದ ಸುತ್ತಿದ ಹೊಚ್ಚ ಹೊಸ ಮುಂಡು, ಇಲ್ಲಿಯವರು ಉಡುವ ಪಂಚೆ, ಗಂಜಿಯ ವಾಸನೆ ಬರುವಂಥದು, ಅಂಚಿಗೆ ಜರಿ. ಸ್ವಲ್ಪ ಹೊತ್ತಿಗೆ ಮೂಲೆಮನೆಯ ಮುದುಕಿ ಒಂದು ತಂದಳು. ಸಂಜೆಗೆ ಬಾವಿಕಟ್ಟೆಯ ಆಚೆಯವರು ಎರಡು ತಂದರು. ಎಲ್ಲವೂ ಹೊಸದು. ಮೊದಲು ಮರ್ಯಾದೆಗೆ ಹೊಸದು ಕೊಟ್ಟು ಆಮೇಲೆ ಹಳೆಯದು ಕೊಡುವ ಪದ್ಧತಿ ಇದ್ದೀತು ಎಂದುಕೊಂಡ ಕಾಶವ್ವ ಒಬ್ಬೊಬ್ಬರಿಗೂ ಬೆಲ್ಲ, ನೀರು ಕೊಟ್ಟು ಕಾದಳು. ಹಳೆಯದು ಬರಲೇ ಇಲ್ಲ.

ಕೊನೆಗೆ ತಡೆಯಲಾರದೆ ಸರೋಜಳನ್ನು ನಿಲ್ಲಿಸಿ, ತನ್ನ ಮಾಸಿದ ಸೀರೆಯನ್ನು ತೋರಿಸಿ, ಅದನ್ನು ಹರಿಯುವ ಹಾಗೆ ಕೈ ಮಾಡಿ, "ಇಂಥಾದು, ಇಂಥಾದು ಬೇಕು" ಎಂದಳು. ಸರೋಜಳ ಕಣ್ಣು ತುಂಬಿ ಬಂತು. ಒಂದು ಗಳಿಗೆಯಲ್ಲಿ ಓಡಿ ಹೋಗಿ ಕಾಶವ್ವನಿಗೂ ಒಂದು ಹೊಸ ಸೀರೆ ತಂದು ಹೊದಿಸಿ ಕಾಲಿಗೆ ನಮಸ್ಕಾರ ಮಾಡಿ ಹೋದಳು.

ರಾಜೀವಿ ಕಾಸರಗೋಡಿನಿಂದ ಬಂದ ದಿನ ಕಾಶವ್ವ ಅವಳನ್ನು ಕೈಹಿಡಿದು ಒಳಗೆ ಕರೆದುಕೊಂಡು ಹೋಗಿ ಮಂಚದ ಮೇಲಿನ ರಾಶಿ ತೋರಿಸಿದಳು.

"ಎಂತ ಇದು ಅಮ್ಮಾ, ಅಂಗಡಿ ಹಾಕಿದ್ದೀರಾ?"

"ಕೌದಿಗೆ ಬಟ್ಟಿ ಕೇಳಿದ್ನೆವಾ. ಎಲ್ಲಾರೂ ಹೊಸಾವು ತಂದು ಒಗೀತಾರ. ಮಂದಿಗೆ ತಲಿ ಐತೋ ಇಲ್ಲೋ."

"ಎಂತ ಅಂತ ಕೇಳಿದ್ರಿ?"

"ಕೌದಿ ಅಂತ. ಅವರೂ ಕೌದಿ ಕೌದಿ ಅಂದ್ರು."

ರಾಜೀವಿ ಬಾಗಿಲ ಹೊಸ್ತಿಲ ಮೇಲೆ ಕುಸಿದು ಕುಳಿತಳು. ನಗು ಬಂದು ಮಾತು ಹೊರಡಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು, ಮತ್ತೆ ರಾಶಿ ನೋಡಿ, ಮತ್ತೆ ನಕ್ಕಳು. "ಅವರು ಹೇಳಿದ್ದು ಕೌದಿ ಅಲ್ಲ ಮಾರಾಯ್ರೆ, ಕೋಡಿ. ಇವರ ಭಾಷೆಯಲ್ಲಿ ಕೋಡಿ ಅಂದ್ರೆ ಹೊಸ ಬಟ್ಟೆ. ಓಣಕ್ಕೆ ಕೊಡ್ತಾರೆ, ಮದುವೆಗೆ ಕೊಡ್ತಾರೆ, ಕಡೆಗೆ ಸತ್ತಾಗಲೂ ಅದನ್ನೇ ಹೊದಿಸ್ತಾರೆ. ನೀವು ಮನೆ ಮನೆಗೆ ಹೋಗಿ ನನ್ನ ಮೊಮ್ಮಗುವಿಗೆ ಹೊಸ ಬಟ್ಟೆ ಕೊಡಿ ಅಂತ ಕೇಳಿದ್ದು."

ಕಾಶವ್ವ ಮೆಲ್ಲಗೆ ಮಂಚದ ತುದಿಗೆ ಕುಳಿತಳು. ಮೈಮೇಲೆ ಸರೋಜ ಹೊದಿಸಿದ ಸೀರೆಯೇ ಇತ್ತು. ಅದನ್ನು ನೋಡಿಕೊಂಡಳು. "ಹರದ ಸೀರಿ ತೋರ್ಸಿ ಇದನ್ನೂ ಇಸಗೊಂಡ್ನಲ್ಲ. ಕೆರಿ ಕೋಡಿ ಬಿದ್ದಂಗ ಬಂದ್ವು ಅಂದ್ಕೊಂಡಿದ್ದೆ. ಖರೇನ ಕೋಡಿನ ಬಿದ್ದಾವ."

ಸಂಜೆ ಪರಮೇಶ್ವರನಿಗೆ ವಿಷಯ ತಿಳಿದು ಅವನ ಕಿವಿ ಕೆಂಪಾಯಿತು. "ಬ್ಯಾಂಕಿನ ಮನಿಶ್ಯಾನ ತಾಯಿ ಅರಿವಿ ಬೇಡ್ತಾಳ ಅಂತ ಆತು. ನಾಳೆ ಎಲ್ಲಾ ತಿರುಗಿ ಕೊಟ್ಟು ಬರೋಣು."

"ಕೊಟ್ಟ ಕೋಡಿ ಹಿಂದೆ ಕೊಡ್ಲಿಕ್ಕೆ ಉಂಟಾ?" ಎಂದಳು ಇನ್ನೂ ಹೊಸ್ತಿಲಲ್ಲೇ ಕುಳಿತಿದ್ದ ರಾಜೀವಿ. "ಜಗಳ ಆಗ್ತದೆ."

ಕಾಶವ್ವ ರಾಶಿಯತ್ತಲೇ ನೋಡುತ್ತಿದ್ದಳು. ಅವಳ ತಲೆಯಲ್ಲಿ ಬೇರೆಯೇ ಲೆಕ್ಕ ನಡೆದಿತ್ತು. ರತ್ನಳಿಗೆ ದಿನ ತುಂಬುತ್ತಾ ಬಂದಿದೆ. ಕೌದಿಯ ಒಂದು ಚೂರೂ ಕತ್ತರಿಸಿಲ್ಲ. ಕೈಯಲ್ಲಿರುವುದು ಗೇಣುದ್ದ ಕೆಂಪು ಸೆರಗು, ಹೊಸ ಬಟ್ಟೆಯ ಗುಡ್ಡ.

"ರಾಜೀವಿ, ಓಣಂ ಯಾವಾಗ?"

"ಬರುವ ವಾರ."

"ಅವತ್ತು ಒಬ್ಬರಿಗೊಬ್ಬರು ಹೊಸಾ ಬಟ್ಟಿ ಕೊಡ್ತಾರಂದಿ."

"ಹೌದು."

"ಹೊಸಾದು ಉಟ್ಟವರು ಹಳೇದನ್ನ ಏನ ಮಾಡ್ತಾರ?"

ರಾಜೀವಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಆಮೇಲೆ ಅವಳು ಹೊಸ್ತಿಲಿನಿಂದ ಎದ್ದು ಬಂದು ರಾಶಿಯ ಪಕ್ಕ ಕುಳಿತಳು. "ಒಂದು ಮನೆಯದ್ದು ಇನ್ನೊಂದು ಮನೆಗೆ. ಹಿಂದೆ ಕೊಟ್ಟ ಹಾಗೂ ಆಗುವುದಿಲ್ಲ. ಯಾರ್ಯಾರು ಯಾವುದು ತಂದದ್ದು, ನೆನಪುಂಟಲ್ಲಾ?"

"ಐತಿ, ಐತಿ" ಎಂದಳು ಕಾಶವ್ವ.

ನೆನಪು ಇರಲಿಲ್ಲ. ಎಲ್ಲವೂ ಬಿಳಿ. ಹುಬ್ಬಳ್ಳಿಯಲ್ಲಿ ಸೀರೆ ನೋಡಿದರೆ ಯಾವ ಮನೆಯದು, ಯಾವ ಮದುವೆಯಲ್ಲಿ ಬಂದದ್ದು ಎಂದು ಕಣ್ಣು ಮುಚ್ಚಿ ಹೇಳುವವಳು, ಇಲ್ಲಿ ಒಂದು ಕೊಕ್ಕರೆಯಿಂದ ಇನ್ನೊಂದನ್ನು ಬೇರೆ ಮಾಡಲಾರದೆ ಹೋದಳು. ರಾಜೀವಿ ಕಲಿಸಿದ ಒಂದೇ ಒಂದು ಮಾತನ್ನು ಮಾತ್ರ ಚೆನ್ನಾಗಿ ಉರು ಹೊಡೆದಳು. ಪಳಯದು. ಹಳೆಯದು ಅಂತ ಅರ್ಥ. "ನಮ್ಮ ಹಳೇದನ್ನ ಸ್ವಲ್ಪ ಪಳಪಳ ಅನಸ್ಯಾರ" ಎಂದು ನೆನಪಿಟ್ಟುಕೊಂಡಳು.

ಓಣಂ ದಿನ ಓಣಿಯ ಅಂಗಳಗಳಲ್ಲೆಲ್ಲ ಹೂವಿನ ರಂಗೋಲಿ. ಕಾಶವ್ವ ಸರೋಜ ಕೊಟ್ಟ ಸೀರೆಯುಟ್ಟು, ರಾಜೀವಿಯನ್ನು ಜೊತೆಗೆ ಕಟ್ಟಿಕೊಂಡು, ತಟ್ಟೆಯಲ್ಲಿ ಮುಂಡು, ಅದರ ಮೇಲೊಂದು ತೆಂಗಿನಕಾಯಿ ಇಟ್ಟುಕೊಂಡು ಹೊರಟಳು. ಮೊದಲ ಮನೆ ಸರೋಜಳದೇ. ಸರೋಜ ತಟ್ಟೆ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ಮುಂಡಿನ ಮಡಿಕೆ ಬಿಡಿಸಿದಳು. ಜರಿಯ ಅಂಚನ್ನು ಎರಡು ಸಲ ತಿರುಗಿಸಿ ನೋಡಿದಳು.

"ಇದ್ ಎಂಡೆ ಕೋಡಿಯಲ್ಲೇ?" ಎಂದಳು. ಇದು ನನ್ನದೇ ಕೋಡಿಯಲ್ಲವೇ?

ರಾಜೀವಿ ಕಾಶವ್ವನ ಕಡೆ ತಿರುಗಿದಳು. "ನೆನಪುಂಟು ಅಂದಿರಿ."

"ನಿಮ್ಮ ಮಂದಿ ಒಂದು ಗುರ್ತಾದ್ರೂ ಇಡಬಾರದ?" ಎಂದಳು ಕಾಶವ್ವ.

ಇನ್ನು ಮುಚ್ಚಿಡುವಂತಿರಲಿಲ್ಲ. ರಾಜೀವಿ ಜಗಲಿಯ ಮೇಲೆ ಕುಳಿತು ಎಲ್ಲವನ್ನೂ ಹೇಳಿದಳು. ಟ್ರಂಕು, ಬೂಸಲು, ತಾಯಿಯಿಲ್ಲದ ಸೊಸೆ, ಕೌದಿ. ಸರೋಜ ಮೊದಲು ಬಾಯಿಗೆ ಕೈ ಇಟ್ಟುಕೊಂಡು ಕೇಳಿದಳು. ಹರಿದ ಸೀರೆಯ ಮಾತು ಬಂದಾಗ ಕೈ ತೆಗೆದಳು. ಅವಳು ನಕ್ಕ ರಭಸಕ್ಕೆ ಒಳಗಿನಿಂದ ಮಾಸ್ತರರು ಬಾಳೆಎಲೆ ಬಿಟ್ಟು ಎದ್ದು ಬಂದರು. ಮೂಲೆಮನೆಯ ಮುದುಕಿ ಬಂದಳು. ಬಾವಿಕಟ್ಟೆಯವರು ಬಂದರು. ಬಂದವರಿಗೆಲ್ಲ ಸರೋಜ ಮೊದಲಿನಿಂದ ಹೇಳಿದಳು, ಕಾಶವ್ವನ ಹಾಗೆ ತೋಳು ತೂಗಿ, ಸೆರಗು ಅಲ್ಲಾಡಿಸಿ. ಕಾಶವ್ವನಿಗೆ ಒಂದು ಮಾತೂ ತಿಳಿಯದಿದ್ದರೂ ತನ್ನನ್ನು ಅಷ್ಟು ಚೆನ್ನಾಗಿ ಆಡಿ ತೋರಿಸಿದ್ದು ನೋಡಿ ಅವಳೂ ನಕ್ಕಳು.

"ಪಳಯದು" ಎಂದಳು, ನಗು ನಿಂತ ಮೇಲೆ, ಎರಡು ಕೈ ಒಡ್ಡಿ. "ಪಳಯದು ಕೊಡ್ರವಾ."

ಸಂಜೆಗೆ ಮಂಚದ ಮೇಲೆ ಬೇರೆ ರಾಶಿ. ತೆಳ್ಳಗಾದ ಮುಂಡುಗಳು, ಮೂಲೆಮನೆಯ ಮುದುಕಿ ಹೊದೆಯುತ್ತಿದ್ದ ನೇರಿಯದು ಎಂಬ ಮೇಲ್ವಸ್ತ್ರ, ಮಾಸ್ತರರು ದಿನಾ ಶಾಲೆಗೆ ಉಡುತ್ತಿದ್ದದ್ದು, ರಾಜೀವಿಯ ಗಂಡ ಕೋರ್ಟಿಗೆ ಹಾಕಿ ಕಾಲರು ಸವೆದ ಅಂಗಿ. ಕಾಶವ್ವ ಒಂದೊಂದನ್ನೂ ಕೆನ್ನೆಗೆ ಒತ್ತಿ ನೋಡಿದಳು. ಇವು ಬಟ್ಟೆ.

ದೊಡ್ಡ ಹಂಡೆಯಲ್ಲಿ ಕುದಿಸಿ, ಸಿಕ್ಕ ಬಿಸಿಲಿಗೆ ಒಣಗಿಸಿ, ಕತ್ತರಿ ಹಿಡಿದು ಕುಳಿತಾಗ ಅವಳಿಗೆ ಈವರೆಗೆ ಕಾಣದ್ದು ಕಂಡಿತು. ಬಿಳಿಯ ಬಟ್ಟೆಗಳಿಗೆಲ್ಲ ಬಣ್ಣದ ಅಂಚಿತ್ತು. ಇವರು ಅದಕ್ಕೆ ಕರ ಅನ್ನುತ್ತಾರೆ. ಬೆರಳಗಲದ ಹಸಿರು, ಕಪ್ಪು, ಕಾವಿ, ನೀಲಿ. ಒಂದರ ಕರ ಇನ್ನೊಂದರ ಹಾಗಿಲ್ಲ. ಇಷ್ಟು ದಿನ ಗುರುತಿಲ್ಲ ಎಂದುಕೊಂಡಿದ್ದಳು. ಮನೆಮನೆಯ ಗುರುತೂ ತುದಿಯಲ್ಲೇ ಇತ್ತು.

ಅಂಚುಗಳನ್ನು ಉದ್ದಕ್ಕೆ ಬಿಡಿಸಿಕೊಂಡಳು. ಬಿಳಿಯನ್ನು ಅಂಗೈಯಗಲದ ಚೌಕ ಮಾಡಿದಳು. ಪ್ರತಿ ಚೌಕವನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿ, ನಡುವೆ ಒಂದು ಕರ ಇಟ್ಟು ಮತ್ತೆ ಕೂಡಿಸಿದಳು. ಅಂಥ ನಾಲ್ಕು ಚೌಕ ಎದುರುಬದುರು ಜೋಡಿಸಿದರೆ ನಾಲ್ಕು ಮನೆಯ ಅಂಚು ಸೇರಿ ಒಂದು ವಜ್ರ. ಮೊದಲ ವಜ್ರ ನೆಲದ ಮೇಲೆ ಮೂಡಿದಾಗ ಸರೋಜ ಬಗ್ಗಿ ನೋಡಿ ಒಂದು ಕಡೆ ಬೆರಳಿಟ್ಟಳು. ಮಾಸ್ತರರ ಹಸಿರು. ಬಾವಿಕಟ್ಟೆಯವಳು ಇನ್ನೊಂದು ಕಡೆ ಇಟ್ಟಳು. ಮೂಲೆಮನೆಯ ಮುದುಕಿ ತನ್ನ ಕಾವಿಯಂಚು ಕೆಳಗೆ ಬಂತೆಂದು ತಕರಾರು ತೆಗೆದಳು. ಕಾಶವ್ವ ವಜ್ರವನ್ನು ತಿರುಗಿಸಿ ಇಟ್ಟಳು. ಮುದುಕಿ ಸಮಾಧಾನದಿಂದ ಎಲೆ ಅಡಿಕೆ ಹಾಕಿಕೊಂಡಳು.

ಓಣಂ ಮುಗಿದ ಮೂರನೆಯ ದಿನ ಉಳ್ಳೂರಿನಿಂದ ತಂತಿ ಬಂತು. ಹೆಣ್ಣುಮಗು, ಇಬ್ಬರೂ ಕ್ಷೇಮ. ಹದಿಮೂರನೆಯ ದಿನ ತೊಟ್ಟಿಲು. ಅಂದಿನಿಂದ ಮಧ್ಯಾಹ್ನವಾದರೆ ಓಣಿಯ ಹೆಂಗಸರು ಸೂಜಿ ತೆಗೆದುಕೊಂಡು ಕಾಶವ್ವನ ನಡುಮನೆಗೆ ಬಂದರು. ಪದರ ಹಾಸಿ, ಸುತ್ತ ನಾಲ್ಕೂ ಅಂಚಿಗೆ ಕುಳಿತು, ಹೊರಗಿನಿಂದ ಒಳಗೆ ಹೊಲಿಯುತ್ತ ಬರಬೇಕು. ಹೊಲಿಗೆ ಬೆಳೆದಂತೆ ಕುಳಿತವರೂ ಹತ್ತಿರ ಹತ್ತಿರ ಸರಿಯುತ್ತಾರೆ. ಕೊನೆಕೊನೆಗೆ ಮೊಣಕಾಲಿಗೆ ಮೊಣಕಾಲು ತಾಗಿ, ಯಾರ ಸೂಜಿ ಯಾರ ಬೆರಳಿಗೆ ಚುಚ್ಚಿತು ಎನ್ನುವುದೇ ತಿಳಿಯದು. ಸರೋಜಳ ಹೊಲಿಗೆ ಉದ್ದುದ್ದ.

"ಇಕಿ ಹೊಲಿಗಿ ನೋಡು, ಹುಬ್ಬಳ್ಳಿಯಿಂದ ಧಾರವಾಡಕ್ಕ ಒಂದ ಟಾಕಿ ಹಾಕ್ತಾಳ" ಎಂದಳು ಕಾಶವ್ವ. ರಾಜೀವಿ ಅನುವಾದಿಸಿದಳು. ಸರೋಜ ಏನೋ ತಿರುಗಿ ಅಂದಳು.

"ಎಂತ ಹೇಳಿದ್ಲು ಅಂದ್ರೆ, ನಿಮ್ಮ ಹಾಗೆ ಇರುವೆ ನಡೆದಂತೆ ಹೊಲಿದರೆ ಮಗು ಕಾಲೇಜಿಗೆ ಹೋಗುವಾಗ ಮುಗಿಯುತ್ತದಂತೆ."

ಕೆಂಪು ಸೆರಗನ್ನು ಕಾಶವ್ವ ಯಾರ ಕೈಗೂ ಕೊಡಲಿಲ್ಲ. ಅದನ್ನು ಚಿಕ್ಕ ಚಿಕ್ಕ ಚೂರು ಮಾಡಿ, ಪ್ರತಿ ವಜ್ರದ ನಡುವೆ, ನಾಲ್ಕು ಚೌಕಗಳ ಮೂಲೆ ಕೂಡುವಲ್ಲಿ, ಕುಂಕುಮದ ಹಾಗೆ ಒಂದೊಂದು ಇಟ್ಟಳು. ರೇಷ್ಮೆ ಹಳೆಯದು. ಸೂಜಿಗೆ ಎಳೆ ಬಿಡುತ್ತಿತ್ತು. ಅವಳು ಉಸಿರು ಬಿಗಿಹಿಡಿದು ಹೊಲಿದಳು. ರತ್ನ ಸೀರೆ ಕೊಟ್ಟಿದ್ದಳು, ತಾನು ತಿಲಕ ಒಯ್ಯುತ್ತಿದ್ದೇನೆ.

ಕೊನೆಯ ಮೂಲೆ ಉಳಿಯಿತು. ತಿನ್ನುವುದೇನಾದರೂ ಇಟ್ಟು ಕೌದಿಯ ಹೊಟ್ಟೆ ತುಂಬಿಸದೆ ಅದನ್ನು ಮುಚ್ಚುವಂತಿಲ್ಲ. ಹಸಿದ ಕೌದಿ ಹೊದ್ದವರಿಗೆ ನಿದ್ದೆ ಬರುವುದಿಲ್ಲ. ವಿಷಯ ತಿಳಿದ ಸರೋಜ ಓಡಿಹೋಗಿ ಓಣಕ್ಕೆ ಕರಿದಿಟ್ಟ ಬಾಳೆಕಾಯಿ ಉಪ್ಪೇರಿಯ ಡಬ್ಬಿಯನ್ನೇ ತಂದಳು.

"ಅಯ್ಯ, ಇರುವಿ ಬರ್ತಾವ" ಎಂದಳು ಕಾಶವ್ವ.

ಸರೋಜಳ ಮುಖ ಸಪ್ಪಗಾಯಿತು. ಕಡೆಗೆ ಸರೋಜಳ ಮನೆಯ ನಾಲ್ಕು ಕಾಳು ಅಕ್ಕಿ, ಕಾಶವ್ವನ ಡಬ್ಬಿಯ ತಳದಲ್ಲಿ ಉಳಿದಿದ್ದ ನಾಲ್ಕು ಕಾಳು ಜೋಳ ಕೌದಿಯ ಹೊಟ್ಟೆಗೆ, ಉಪ್ಪೇರಿ ಹೊಲಿದವರ ಹೊಟ್ಟೆಗೆ ಎಂದು ತೀರ್ಮಾನವಾಯಿತು.

ಆ ವರ್ಷವಷ್ಟೇ ಕೊಟ್ಟಾಯಂ ಹಾದಿಯ ರೈಲು ತಿರುವನಂತಪುರದವರೆಗೆ ಓಡಲು ಶುರುವಾಗಿತ್ತು. ಪರಮೇಶ್ವರ ಹಾಸಿಗೆ ಟ್ರಂಕು ಹೊತ್ತ. ಕೌದಿಯನ್ನು ಮಾತ್ರ ಕಾಶವ್ವ ತೊಡೆಯಿಂದ ಇಳಿಸಲಿಲ್ಲ. ಕಿಟಕಿಯಾಚೆ ನೀರು, ತೆಂಗು, ಮತ್ತೆ ನೀರು. ಅವಳು ನೋಡುತ್ತಿದ್ದರೂ ಕಾಣುತ್ತಿರಲಿಲ್ಲ. ರತ್ನ ಸೀರೆ ಎಲ್ಲಿ ಎಂದು ಕೇಳಿದರೆ ಏನು ಹೇಳುವುದು?

ಉಳ್ಳೂರಿನ ಮನೆಯಲ್ಲಿ ಮೊದಲು ಎದುರಾದವಳು ವಿಜಯಾ. ಆಸ್ಪತ್ರೆಯ ಹತ್ತಿರ ಮನೆ ಮಾಡಿದ ಮೇಲೆ ಅವಳಿಗೆ ಎಲ್ಲಾ ಕಡೆ ಕ್ರಿಮಿ ಕಾಣುತ್ತಿದ್ದವು. ಕೌದಿಯನ್ನು ಎರಡು ಬೆರಳಿನಲ್ಲಿ ಎತ್ತಿ, "ಯಾರ್ಯಾರ ಬಟ್ಟಿ ಅತ್ತಿ ಇದು? ಓಣಿ ಮಂದೀದೆಲ್ಲಾ? ಎಳೇ ಕೂಸಿಗೆ?" ಎಂದಳು.

"ಹಂಡೇದಾಗ ಕುದಿಸೀನಿ. ಇನ್ನೂ ಕ್ರಿಮಿ ಉಳದಿದ್ರ ಅದು ನಮ್ಮ ಪೈಕಿದ."

ಒಳಗಿನಿಂದ ರತ್ನ ಕರೆದಳು. ಕಾಶವ್ವ ಹೋಗಿ ಮಂಚದ ಮೇಲೆ ಕೌದಿ ಹಾಸಿದಳು. ರತ್ನ ಬೆರಳಿನಿಂದ ಅಂಚು ಹಿಡಿದು ಹೋಗುತ್ತ ಹೋಗುತ್ತ ಒಂದು ಕೆಂಪಿನ ಹತ್ತಿರ ನಿಂತಳು. ಆಮೇಲೆ ಇನ್ನೊಂದು. ಮತ್ತೊಂದು.

"ಅವ್ವನ ಸೀರಿ ಇಷ್ಟ ಉಳೀತಾ ಅತ್ತಿ?"

ಕಾಶವ್ವ ಟ್ರಂಕಿನ ಕಥೆ ಹೇಳಿದಳು. ಇಟ್ಟಿಗೆಯ ಮಾತನ್ನೂ ಬಿಡಲಿಲ್ಲ. ಆಮೇಲೆ ಕೋಡಿಯ ಕಥೆ ಹೇಳಲೇಬೇಕಾಯಿತು. ಹರಿದ ಸೀರೆ ತೋರಿಸಿದಲ್ಲಿಗೆ ಬರುವಾಗ ರತ್ನ ಹೊಟ್ಟೆ ಹಿಡಿದುಕೊಂಡು, "ಸಾಕ್ರಿ ಅತ್ತಿ, ನಗಬಾರದಂತ ಡಾಕ್ಟರು ಹೇಳ್ಯಾರ" ಎಂದಳು. ಬಾಗಿಲಲ್ಲಿ ನಿಂತಿದ್ದ ವಿಜಯಾ ಗೋಡೆಯ ಕಡೆ ಮುಖ ತಿರುಗಿಸಿ ನಗುತ್ತಿದ್ದಳು.

ರತ್ನ ಕೆನ್ನೆಯನ್ನು ಕೌದಿಗೆ ಒತ್ತಿದಳು. "ಅವ್ವಗ ಒಬ್ಬಾಕಿನ ಕುಂಡ್ರೂದು ಆಗತಿರಲಿಲ್ಲ. ನಾಕು ಮಂದಿ ನಡುವ ಇದ್ರ ಖುಷಿ. ನೀವು ಛಲೋ ಕಡೆ ಕುಂಡ್ರಿಸೀರಿ" ಎಂದಳು.

ವಿಜಯಾ ಬಂದು ಕೌದಿಯ ಇನ್ನೊಂದು ತುದಿಯನ್ನು ಹಿಡಿದಳು, ಈ ಸಲ ಇಡೀ ಅಂಗೈಯಿಂದ. "ತೊಟ್ಲಕ್ಕ ಹಾಸೂದು ಹೆಂಗ? ಯಾವುದು ಮ್ಯಾಲೆ ಬರಬೇಕು?"

"ಕಾವಿ ಅಂಚು ಮ್ಯಾಲೆ. ಇಲ್ಲಂದ್ರ ಒಬ್ಬಾಕಿ ಮುದುಕಿ ಎರ್ನಾಕುಳದಿಂದ ಬಂದು ಜಗಳಾ ತಗೀತಾಳ."

ತೊಟ್ಟಿಲಿನ ಹೊತ್ತಿಗೆ ಅಕ್ಕಪಕ್ಕದ ಹೆಂಗಸರು ಬಂದು ತುಂಬಿಕೊಂಡರು. ಕೂಸನ್ನು ಹಾಕಿದರು. ಅದು ಒಮ್ಮೆ ಮುಖ ಕಿವುಚಿ, ಬಾಯಿ ತೆರೆದು, ಅಳುವುದೋ ಬೇಡವೋ ಎಂದು ಯೋಚಿಸಿ, ಕಾಲು ಚಾಚಿ ಮಲಗಿತು. ಪಕ್ಕದ ಮನೆಯ ಹೆಂಗಸು ಬಗ್ಗಿ ಕೌದಿಯ ವಜ್ರಗಳನ್ನು ಮುಟ್ಟಿ ನೋಡಿ ಇದೇನೆಂದು ಕೇಳಿದಳು.

"ಕೌದಿ" ಎಂದಳು ರತ್ನ.

ಹೆಂಗಸು ಚೂರು ಚೂರು ಕೂಡಿಸಿದ ಹಳೇ ಮುಂಡುಗಳನ್ನು ಮತ್ತೊಮ್ಮೆ ದಿಟ್ಟಿಸಿದಳು. "ಇದೋ ಕೋಡಿ?"

ರತ್ನ ವಿವರಿಸಲು ಬಾಯಿ ತೆರೆದಳು. ಕಾಶವ್ವ ಅವಳ ಕೈ ಒತ್ತಿ ಸುಮ್ಮನಿರಿಸಿ, ತೊಟ್ಟಿಲಿಗೆ ಮೆಲ್ಲಗೆ ಒಂದು ತೂಗು ಕೊಟ್ಟು, ತನಗೆ ಬರುವ ಮಲಯಾಳವನ್ನೆಲ್ಲ ಒಟ್ಟು ಮಾಡಿ ಉತ್ತರ ಕೊಟ್ಟಳು.

"ಪಳಯ ಕೋಡಿ."